ಹಡಗು ಹತ್ತದ ಇಬ್ಬರು

ಅಲ್ಲಿ ಬೇಡ ಮಾರಾಯ, ಇಲ್ಲಿ ಕೂತ್ಕೋ. ಆ ಸ್ಟೂಲಿನ ಒಂದು ಕಾಲು ಅಲ್ಲಾಡುತ್ತೆ. ಕೆಳಗೆ ಅಂಗಡಿಗೆ ಒಯ್ದು ಒಂದು ಮೊಳೆ ಹೊಡೀಬೇಕು ಅಂದ್ಕೊಂಡೆ... ಹೊಡೆಯೋನು ಯಾರು, ನಾನು ಹೀಗೆ ಮಲಗಿದ್ರೆ! ಹಾಂ, ಮಂಚದ ತುದೀಲೇ ಕೂತ್ಕೋ. ಮೆಲ್ಲಗೆ... ಅಯ್ಯಪ್ಪಾ! ಇಲ್ಲ ಇಲ್ಲ, ನೀನೇನೂ ಮಾಡ್ಲಿಲ್ಲ. ಸೊಂಟ ಕಣೋ. ಹೀಗೇ, ಇದ್ದಕ್ಕಿದ್ದ ಹಾಗೆ ಚಳಕ್ ಅನ್ನುತ್ತೆ.

ಏನದು ಕೈಯಲ್ಲಿ? ಇನ್ಶೂರೆನ್ಸ್ ಫಾರಮ್ಮಾ? ಮತ್ತೆ ಅದನ್ನೇ ಹೊತ್ಕೊಂಡು ಬಂದ್ಯಾ! ಹೇಳಿದ್ನಲ್ಲ, ಡಾಕ್ಟರ್ ಸರ್ಟಿಫಿಕೇಟ್ ಇನ್ನೂ ಬಂದಿಲ್ಲ ಅಂತ. ಡಾಕ್ಟ್ರು ಊರಲ್ಲಿಲ್ಲ. ಯಾವುದೋ ಮದುವೆಗೆ ಹೋಗಿದಾರಂತೆ. ಮೊನ್ನೆ ಸಮ್ಮೇಳನ ಅಂದ್ನಾ? ಇರಬಹುದು... ಮೊದಲು ಸಮ್ಮೇಳನ, ಆಮೇಲೆ ಮದುವೆ. ದೊಡ್ಡೋರಿಗೆ ನೂರೆಂಟು ಕೆಲಸ ಇರ್ತವೆ. ನಮ್ಮ ಹಾಗಾ?

ಹಡಗು ನಿನ್ನೆ ವಾಪಸ್ ಬಂತಂತೆ? ಬೀಗರು ಇಳಿದ್ರಾ? ಕಪ್ಪಗಾಗಿದಾರಾ, ದಪ್ಪಗಾಗಿದಾರಾ? ಫೋಟೋ ತೋರಿಸಿರ್ತಾರೆ ಬಿಡು. ಮುನ್ನೂರಾ? ಮುನ್ನೂರು ಫೋಟೋ! ಅದರಲ್ಲಿ ಸಮುದ್ರ ಎಷ್ಟರಲ್ಲಿದೆ, ಅವರ ಮೂತಿ ಎಷ್ಟರಲ್ಲಿದೆ?

ಯಾಕೆ ನಗ್ತೀಯ? ನಂಗೆ ಹೊಟ್ಟೆಕಿಚ್ಚು ಅಂದ್ಕೊಂಡ್ಯಾ? ನಂಗಾ? ಆ ಮನುಷ್ಯನ ಮೇಲಾ? ನಿನ್ನ ಮಗಳ ಮಾವ, ನಿಂಗೆ ಬೀಗ, ನಂಗೇನಾಗ್ಬೇಕು? ಏನೂ ಅಲ್ಲ. ಬ್ಯಾಂಕ್ ಮ್ಯಾನೇಜರ್ ಆಗಿದ್ದೋರು, ರಿಟೈರ್ ಆದೋರು, ಹೊತ್ತು ಹೋಗದೆ ನಮ್ಮ ಅಂಗಡಿಗೆ ಬರ್ತಾರೆ. ಬರಲಿ. ದಿನಾ ಸಂಜೆ ಐದಕ್ಕೆ ಸರಿಯಾಗಿ ಬರಲಿ. ನನ್ನ ಕುರ್ಚೀಲೇ ಕೂರಲಿ. ನಾನು ನಿಂತ್ಕೊಂಡು ಕಟಿಂಗ್ ಮಾಡ್ತೀನಿ, ಅಭ್ಯಾಸ ಇದೆ. ಮೂವತ್ತೊಂದು ವರ್ಷದಿಂದ ನಾನು ಕತ್ತರಿಸೋದು, ನೀನು ಹೊಲಿಯೋದು. ಒಂದು ಕೋಟು ಹೊಲಿಯೋಕೆ ನಾಲ್ಕು ಕೈ ಅಂತ ಗಿರಾಕಿಗಳೇ ಹೇಳ್ತಿದ್ರು. ಆ ನಾಲ್ಕು ಕೈ ನಡುವೆ ಐದನೇದೊಂದು ಬಂದು ಟೀ ಲೋಟ ಇಡುತ್ತೆ. ಇಡಲಿ!

ಆದ್ರೆ ಆ ಕತ್ತರಿ... ಅದನ್ನ ಮಾತ್ರ ನಾನು ಸಾಯೋವರೆಗೂ ಮರೆಯಲ್ಲ. ಬಟ್ಟೆ ಕತ್ತರಿ ಕಣೋ ಅದು! ಅದರಲ್ಲಿ ಒಂದು ದಾರ ಕತ್ತರಿಸೋಕೂ ನಾನು ನಿಂಗೆ ಕೊಟ್ಟಿಲ್ಲ. ಆ ಮನುಷ್ಯ ಪೇಪರಿನಲ್ಲಿ ಬಂದ ಹಡಗಿನ ಜಾಹೀರಾತನ್ನ ಅದರಲ್ಲಿ ಕರಕರ ಅಂತ ಕತ್ತರಿಸಿದ್ರು. ಪೇಪರು! ಬಟ್ಟೆ ಕತ್ತರೀಲಿ! ನಾನು ಬಾಯಿ ತೆರೆಯೋದ್ರೊಳಗೆ ಅದನ್ನ ನಿನ್ನ ಮೆಷಿನ್ ಮೇಲಿಟ್ಟು, 'ಬೀಗರೇ, ಏಳು ರಾತ್ರಿ, ನಾಲ್ಕು ಬಂದರು, ಹೋಗೋಣ್ವಾ?' ಅಂದ್ರು. ನೀನು ಆಗ ಹೇಗೆ ತಲೆ ಎತ್ತಿದೆ ಗೊತ್ತಾ? ನಿನ್ನ ಮುಖದಲ್ಲಿ ಆ ಬೆಳಕನ್ನ ನಾನು ಯಾವತ್ತು ನೋಡಿದ್ದೆ... ನಿನ್ನ ಮಗಳು ಹುಟ್ಟಿದ ದಿನ ಇರಬೇಕು. 'ಒಂದು ಸಲ ನಾಲ್ಕೂ ಕಡೆ ನೀರೇ ಇರೋ ಜಾಗದಲ್ಲಿ ನಿಲ್ಬೇಕು' ಅಂದೆ. ನನ್ನ ಕಡೆ ತಿರುಗಿ ಅಲ್ಲ, ಅವರ ಕಡೆ ತಿರುಗಿ.

ನನ್ನನ್ನೂ ಕರೆದ್ರಿ, ಹೌದು. ಇಲ್ಲ ಅನ್ನಲ್ಲ. 'ನೀನೂ ಬಾರೋ.' ನೀನೂ! ಮೂವರಿಗೆ ಒಂದೇ ಕ್ಯಾಬಿನ್. ಕಿಟಕಿ ಪಕ್ಕದ ಎರಡು ಹಾಸಿಗೆ ಬೀಗರಿಬ್ಬರಿಗೆ. ಗೋಡೆಯಿಂದ ಕೆಳಗೆ ಎಳೆಯೋ ಮಡಚು ಹಾಸಿಗೆ ಯಾರಿಗೆ? ಚಿತ್ರದಲ್ಲಿ ನೋಡಿದ್ದೆ, ನನ್ನ ಇಸ್ತ್ರಿ ಮೇಜು ಅದಕ್ಕಿಂತ ಅಗಲ ಇದೆ.

ಆದ್ರೂ ನಾನು ಬರ್ತೀನಿ ಅಂದೆ ತಾನೆ? ಟ್ರಾವೆಲ್ ಆಫೀಸಿಗೆ ನಿಮ್ಮ ಹಿಂದೆ ಹಿಂದೇನೇ ಬಂದೆ. ಆ ಹುಡುಗಿ ಎಷ್ಟು ನಿಧಾನವಾಗಿ ವಿವರಿಸಿದ್ಲು... ತಿಂಗಳ ಮುಂಚೆ ಬೇಡ ಅಂದ್ರೆ ಕಾಲು ಭಾಗ ಮುರ್ಕೋತಾರೆ, ಹದಿನೈದು ದಿನದೊಳಗೆ ಅಂದ್ರೆ ಅರ್ಧ, ಕೊನೇ ಮೂರು ದಿನದಲ್ಲಿ ಅಂದ್ರೆ ಪೂರ್ತಿ ಗುಳುಂ. ನಿನ್ನ ಬೀಗರು ಕೇಳಿಸ್ಕೊಂಡ್ರಾ? ಅವರು ಹಡಗಿನಲ್ಲಿ ಈಜುಕೊಳ ಎಷ್ಟು ಉದ್ದ ಅಂತ ಕೇಳ್ತಿದ್ರು! ಇನ್ಶೂರೆನ್ಸ್ ಮಾಡಿಸೋಣ ಅಂದಿದ್ದು ಯಾರು? ನಾನು. 'ಅದೆಲ್ಲ ದಂಡ, ನಮಗೇನಾಗುತ್ತೆ' ಅಂತ ಹೊಟ್ಟೆ ಕುಲುಕಿಸಿ ನಕ್ಕಿದ್ದು ಯಾರು? ಅವರು. ನಿಂದೂ ನಂದೂ ಇಬ್ಬರದ್ದೂ ನಾನೇ ಕಟ್ಟಿದೆ. ಒಂದೇ ಕ್ಯಾಬಿನ್‌ನೋರಲ್ಲಿ ಒಬ್ಬರು ಕಾಯಿಲೆ ಬಿದ್ರೆ ಇನ್ನೊಬ್ಬರಿಗೂ ದುಡ್ಡು ವಾಪಸ್ ಬರುತ್ತೆ, ಅಂಥದ್ದನ್ನೇ ಆರಿಸಿ ಮಾಡಿಸಿದೆ. ಅಷ್ಟು ಯೋಚನೆ ಮಾಡೋನು ಯಾರಿದಾರೆ ನಿಂಗೆ, ನೀನೇ ಹೇಳು!

ಸರಿ, ಬಿಡು.

ನೋಡು, ನನ್ನ ಹಣೆಬರಹ. ಹೊರಡೋ ಹಿಂದಿನ ದಿನ ಬೆಳಿಗ್ಗೆ ಪೆಟ್ಟಿಗೆ ಎತ್ತೋಕೆ ಬಗ್ಗಿದೆ, ಚಳಕ್! ಮೇಲೇಳೋಕೇ ಆಗ್ಲಿಲ್ಲ. ನೀನು ಓಡಿ ಬಂದೆ. ನಾನೇನಂದೆ? ಹೋಗು ಅಂದೆ. 'ನೀನು ಹೋಗೋ, ಬೀಗರು ಕಾಯ್ತಿರ್ತಾರೆ' ಅಂದೆ. ಒಂದ್ಸಲ ಅಲ್ಲ, ಮೂರು ಸಲ ಅಂದೆ. ಮೂರನೇ ಸಲ ಸ್ವಲ್ಪ ಮೆಲ್ಲಗೆ ಅಂದಿರಬಹುದು... ನೋವಿತ್ತಲ್ಲ. ನೀನೇ ತಾನೆ ಅಂದಿದ್ದು, 'ಒಬ್ಬನೇ ಇರೋನು ನೀನು, ಬಿಟ್ಟು ಹೇಗೆ ಹೋಗ್ಲಿ' ಅಂತ? ಆ ಮಾತು... ಆ ಮಾತು ಕೇಳಿ ನಂಗೆ ಅರ್ಧ ನೋವು ಅಲ್ಲೇ ಇಳಿದುಹೋಯ್ತು ಕಣೋ.

ಈ ಒಂಬತ್ತು ದಿನ ಎಷ್ಟು ಚೆನ್ನಾಗಿತ್ತಲ್ವಾ? ನೀನು ಟೀ ಕಾಸೋದು, ಬಿಸಿನೀರಿನ ಚೀಲ ಇಡೋದು, ರೇಡಿಯೋ ಹಚ್ಚಿ ಇಲ್ಲೇ ಕೂತು ಗುಂಡಿ ಹಾಕೋದು. ಅಂಗಡಿ ಶುರು ಮಾಡಿದ ಹೊಸದರಲ್ಲಿ, ಇದೇ ಕೋಣೇಲಿ ಇಬ್ಬರೂ ಇದ್ದಾಗ ಹೀಗೇ ಇತ್ತು. ಐದು ಗಂಟೆ ಆಗೋದು, ಯಾರೂ ಬರ್ತಿರ್ಲಿಲ್ಲ. ಆಹಾ!

ಅಲ್ಲ, ಬೇಜಾರು ಮಾಡ್ಕೋಬೇಡ. ಹಡಗು ಎಲ್ಲಿಗೆ ಹೋಗುತ್ತೆ? ಮತ್ತೆ ಬರುತ್ತೆ. ಹಾಗೆ ನೋಡಿದ್ರೆ ಹೋಗದೇ ಇದ್ದದ್ದೇ ಒಳ್ಳೇದಾಯ್ತು ಅನ್ನು. ಹಡಗಲ್ಲಿ ಏನು ಮೆಟ್ಟಿಲು ಅಂತೀಯ! ಕಬ್ಬಿಣದ್ದು, ಕಡಿದಾದ್ದು, ಅದೂ ಅಲ್ಲಾಡ್ತಿರುತ್ತೆ. ಅಕ್ಕಪಕ್ಕದ್ದು ಏನೂ ಕಾಣದ ಕಣ್ಣಿಟ್ಕೊಂಡು ನೀನು ಹೇಗೆ ಹತ್ತಿ ಇಳೀತಿದ್ದೆ...

ಏನು?

ಯಾಕೆ ಹಾಗೆ ನೋಡ್ತೀಯ? ನಾನೇನಂದೆ? ವಯಸ್ಸಾಯ್ತಲ್ಲ, ಕಣ್ಣು ಮಂಜಾಗುತ್ತೆ ಅಂದೆ, ಅಷ್ಟೇ. ನಂದೂ ಮಂಜೇ! ಸೂಜಿಗೆ ದಾರ ಪೋಣಿಸಿ ಕೊಡೋನು ನಾನೇ ಅಲ್ವಾ, ನಂಗೆ ಗೊತ್ತಾಗಲ್ವಾ? 'ಅಕ್ಕಪಕ್ಕ' ಅಂತ ಯಾಕಂದೆ ಅಂದ್ರೆ... ನೀನೇ ಹೇಳಿದ್ದೆಯಲ್ಲ. ಯಾವಾಗಲೋ. ಹೇಳಿರ್ಲಿಲ್ವಾ?

ಹೇಳಿರ್ಲಿಲ್ಲ.

ಒಂದು ಮಾತಾದ್ರೂ ಆಡೋ. ಸುಮ್ಮನೆ ಹಾಗೆ ನೋಡ್ತಾ ಕೂತ್ರೆ ನಾನೇನು ಮಾಡ್ಲಿ! ಸರಿ, ಓದಿದೆ. ಫಾರಮ್ಮಿನಲ್ಲಿ ಓದಿದೆ. ಈ ಫಾರಮ್ ಅಲ್ಲ, ಮೊದಲನೇದು, ಇನ್ಶೂರೆನ್ಸ್ ಮಾಡಿಸೋವಾಗ ಕೊಟ್ಟಿದ್ದು. ನೀನು ಬೀಗರ ಮನೇಲಿ ತುಂಬಿಸ್ಕೊಂಡು ಬಂದು ನನ್ನ ಕೈಗೆ ಕೊಟ್ಟೆ, ಆಫೀಸಿಗೆ ಮುಟ್ಟಿಸು ಅಂತ. ಅಲ್ಲಿ ಒಂದು ಸಾಲಿತ್ತು, ಈಗಾಗಲೇ ಇರುವ ಕಾಯಿಲೆಗಳು ಅಂತ. ಅದರ ಮುಂದೆ ಬರೆದಿತ್ತು. ಎರಡೂ ಕಣ್ಣಿನ ಒಳಗೆ ಒತ್ತಡ, ಅಕ್ಕಪಕ್ಕದ ದೃಷ್ಟಿ ಹೋಗಿದೆ, ಉಳಿದದ್ದೂ ಕಡಿಮೆಯಾಗ್ತಾ ಇದೆ. ಎಷ್ಟು ದುಂಡಗಿನ ಅಕ್ಷರ! ಬ್ಯಾಂಕಿನೋರ ಅಕ್ಷರ. ನಿಂದಲ್ಲ.

ನೀನು ಅವರಿಗೆ ಹೇಳಿದ್ದೆ. ನಂಗೆ ಹೇಳಿರ್ಲಿಲ್ಲ.

ಒಂದು ವರ್ಷದ ಹಿಂದೆ ಬಂದಿರೋ ಮನುಷ್ಯ ಕಣೋ ಅವರು! ನನಗೆ ಮೊದಲೇ ಅನುಮಾನ ಇತ್ತು. ನೀನು ಮನೆಗೆ ಹೋದ್ಮೇಲೆ ನಾನು ಎಷ್ಟು ತೋಳು ಬಿಚ್ಚಿ ಮತ್ತೆ ಹೊಲಿದಿದ್ದೀನಿ ಗೊತ್ತಾ? ಹೊಲಿಗೆ ಸೊಟ್ಟ ಹೋಗಿರೋದು. ಮೂವತ್ತು ವರ್ಷ ಗೆರೆ ಎಳೆದ ಹಾಗೆ ಹೊಲಿದೋನ ಹೊಲಿಗೆ! ಬಿಚ್ಚುವಾಗ ಅಂದ್ಕೊಳ್ಳೋದು, ಇವತ್ತಲ್ಲ ನಾಳೆ ತಾನೇ ಹೇಳ್ತಾನೆ, ತಾನೇ ಬಾಯಿ ಬಿಡ್ತಾನೆ. ಕೇಳಿದ್ರೆ ನೊಂದ್ಕೋತೀಯ ಅಂತ ಕಾದೆ. ಕಾದೂ ಕಾದೂ ಕೊನೆಗೆ ಟ್ರಾವೆಲ್ ಆಫೀಸಿನ ಸೋಫಾದಲ್ಲಿ, ಆ ಮನುಷ್ಯನ ಅಕ್ಷರದಲ್ಲಿ ಓದ್ಬೇಕಾಯ್ತಲ್ಲೋ!

ಎಲ್ಲಿಗೆ ಏಳ್ತೀಯ? ಕೂತ್ಕೋ. ಮುಗೀಲಿಲ್ಲ ಇನ್ನೂ. ಕೋಪ ಬಂದ್ರೆ ಬೈಯಿ, ಹೋಗ್ಬೇಡ. ಏ... ಏ, ಆ ಕಡೆ ಅಲ್ಲ! ಬಾಗಿಲು ಅರ್ಧ ತೆರೆದಿದೆ, ಹಣೆಗೆ ಬಡಿಯುತ್ತೆ, ನಿಲ್ಲು... ಹಿಡ್ಕೊಂಡೆ! ಅಬ್ಬಾ. ತಗಲಲಿಲ್ಲ ತಾನೆ?

...ಹೌದು. ನಿಂತಿದ್ದೀನಿ. ಮಂಚದಿಂದ ಇಲ್ಲಿವರೆಗೆ ನೆಟ್ಟಗೆ ಓಡಿ ಬಂದಿದ್ದೀನಿ. ನೋಡು, ಚೆನ್ನಾಗಿ ನೋಡು. ಸೊಂಟಕ್ಕೆ ಏನೂ ಆಗಿಲ್ಲ. ಆಗಿರಲೇ ಇಲ್ಲ.

ಡಾಕ್ಟ್ರು ಊರಲ್ಲೇ ಇದಾರೆ. ಮದುವೆನೂ ಇಲ್ಲ, ಸಮ್ಮೇಳನನೂ ಇಲ್ಲ. ಹೊರಡೋ ದಿನ ನೀನು ಬೀಗರನ್ನ ಹಡಗು ಹತ್ತಿಸೋಕೆ ಹೋದಾಗ ನಾನು ಆಟೋದಲ್ಲಿ ಹೋಗಿ ತೋರಿಸಿದೆ. ಬಗ್ಗಿಸಿದ್ರು, ಎತ್ತಿಸಿದ್ರು, ಬೆರಳಲ್ಲಿ ಒತ್ತಿದ್ರು, ಎಕ್ಸ್‌ರೇ ತೆಗೆಸಿದ್ರು. 'ಇಲ್ಲದ ನೋವಿಗೆ ನಾನು ಸಹಿ ಹಾಕಲ್ಲ' ಅಂದ್ರು. ನಾನು ಏನಂದ್ಕೊಂಡಿದ್ದೆ, ಸೊಂಟನೋವು ತಾನೆ, ಯಾರು ಬಿಚ್ಚಿ ನೋಡ್ತಾರೆ, ಒಂದು ಚೀಟಿ ಬರೆದುಕೊಡ್ತಾರೆ, ನಿನ್ನ ದುಡ್ಡು ನಿನ್ನ ಕೈಗೆ ಬರುತ್ತೆ ಅಂತ. ಫಾರಮ್ ಓದಿದ ಮೇಲೆ ಆ ಹುಡುಗಿ ಹತ್ರ ಹೋಗಿ ಕೇಳಿದ್ದೆ, 'ಒಬ್ಬನಿಗೆ ಹುಷಾರಿಲ್ಲದೆ ಹೋದ್ರೆ ಇನ್ನೊಬ್ಬನಿಗೆ ಪೂರ್ತಿ ಬರುತ್ತಾ' ಅಂತ. ಪೂರ್ತಿ ಬರುತ್ತೆ ಅಂದ್ಲು. ಅವತ್ತೇ... ಹೌದು, ಅವತ್ತೇ ಮನಸ್ಸಲ್ಲಿ ಬಂತು. ನಿನ್ನ ಒಂದು ಕಾಸೂ ಹೋಗಬಾರದು, ಆದ್ರೆ ನೀನು ಅವರ ಜೊತೆ ಹೋಗಬಾರದು. ಅಷ್ಟೇ ಇದ್ದದ್ದು ತಲೇಲಿ.

ದುಡ್ಡು ನಾನು ಕೊಡ್ತೀನಿ. ಹೊಲಿಗೆ ಮೆಷಿನ್ ಮಾರಿ ಆದ್ರೂ... ಯಾಕೆ ಮುಖ ತಿರುಗಿಸ್ತೀಯ? ಗೊತ್ತು. ದುಡ್ಡಲ್ಲ.

ನಾಲ್ಕೂ ಕಡೆ ನೀರು ನೋಡ್ಬೇಕು ಅಂದಿದ್ದೆ ನೀನು. ಅಂಗಡೀಲಿ ಅಂದಾಗ ನಂಗೆ ಅರ್ಥ ಆಗಿರ್ಲಿಲ್ಲ. ಫಾರಮ್ ಓದಿದಾಗ ಅರ್ಥ ಆಯ್ತು. ಕಾಣೋವಷ್ಟರಲ್ಲೇ ನೋಡಿಬಿಡ್ಬೇಕು ಅಂತ ಹೊರಟಿದ್ದೆ ನೀನು. ಅದು ಗೊತ್ತಿದ್ದೂ ಮಾಡ್ದೆ ಕಣೋ. ಗೊತ್ತಿಲ್ಲದೆ ಮಾಡ್ದೆ ಅಂತ ಹೇಳ್ಬಹುದಿತ್ತು. ಇಷ್ಟೊತ್ತು ಅದನ್ನೇ ಹೇಳ್ತಾ ಇದ್ದೆ. ನೀನು ಆ ನೀರು ನೋಡಿ ಮೊದಲು ಯಾರ ಕೈ ಹಿಡ್ಕೊಂಡು 'ಅಲ್ಲಿ ನೋಡು' ಅಂತೀಯ ಅಂತ ಯೋಚಿಸಿದೆ. ನನ್ನ ಕೈ ಅಲ್ಲ. ಅದಕ್ಕೆ.

ಮುಂದಿನ ಹಡಗು ನಾಲ್ಕು ತಿಂಗಳಿಗಂತೆ. ಅಷ್ಟರೊಳಗೆ ನಿನ್ನ ಕಣ್ಣು... ಕಣ್ಣಿನ ಡಾಕ್ಟ್ರು ಏನಂದ್ರು? ಎಷ್ಟು ದಿನ ಅಂದ್ರು? ಬೀಗರಿಗೆ ಗೊತ್ತಿರುತ್ತೆ. ನಾನೇ ಹೋಗಿ ಅವರನ್ನ ಕೇಳ್ತೀನಿ. ಅವರ ಕಾಲು ಹಿಡ್ಕೊಂಡು, ನೀವೇ ಕರ್ಕೊಂಡು ಹೋಗಿ ಅಂತೀನಿ. ನಾನು ಬರಲ್ಲ. ಇಲ್ಲೇ ಅಂಗಡಿ ನೋಡ್ಕೋತೀನಿ. ಸರಿನಾ? ಏನಾದ್ರೂ ಅನ್ನೋ. ಥೂ ಅನ್ನು ಬೇಕಾದ್ರೆ.

ತೋಳು ಬಿಡಿಸ್ಕೋತೀಯಾ? ಬಿಟ್ಟೆ. ಬಿಟ್ಟೆ ಕಣೋ.

ಹಾಗಾದ್ರೆ ಗೋಡೆ ಹಿಡ್ಕೊಂಡು ಮೆಟ್ಟಿಲು ಇಳಿ. ಇಲ್ಲ, ನಾನು ಬರಲ್ಲ, ಇಲ್ಲೇ ಮೇಲೆ ನಿಂತಿರ್ತೀನಿ. ಬಲಗಡೆ ಕಂಬಿ ಇದೆ... ಇನ್ನೂ ಸ್ವಲ್ಪ ಬಲಕ್ಕೆ... ಸಿಕ್ತಾ? ಆರನೇ ಮೆಟ್ಟಿಲ ಮೇಲೆ ಬಟ್ಟೆ ಗಂಟಿದೆ, ಎಡಕ್ಕೆ ಜರುಗು. ಹಾಂ. ಹಾಗೇ. ಬೈಯದೆ ಹೋದ್ರೂ ಪರವಾಗಿಲ್ಲ, ಮೆಲ್ಲಗೆ ಹೋಗು. ಇನ್ನು ಮೂರಿದೆ. ಎರಡು. ನಿಲ್ಲು, ಇನ್ನೂ ಒಂದಿದೆ... ಇಡು ಕಾಲು.

ಈಗ ನೆಲ.