ಆಯಿಸಾಹೇಬರು ನಿರ್ದೋಷಿ

ಅಧ್ಯಕ್ಷತೆ ವಹಿಸಿರುವ ಸುಂದರಾ ಅಕ್ಕನವರೇ, ವೇದಿಕೆಯ ಮೇಲಿನ ಗಣ್ಯರೇ, ಹಾರೂಗೇರಿಯ ನಮ್ಮ ಓಣಿಯ ಮಹಿಳಾ ಸಂಘದ ವಾರ್ಷಿಕೋತ್ಸವಕ್ಕೆ ಬಂದಿರುವ ಸಭಿಕರೇ,

ಕಳೆದ ಶನಿವಾರ ಆ ಮರಾಠಿ ಧಾರಾವಾಹಿ ಮುಗಿಯಿತು. ವಾಡೆಯ ದಿವಾನರನ್ನು ಕೊಂದವರು ಆ ಮನೆಯ ಹಿರಿಯ ಅತ್ತೆ ಆಯಿಸಾಹೇಬರು. ಆದರೆ ನಮ್ಮ ಓಣಿಗೆ 'ಆಯಿಸಾಹೇಬರು ನಿರ್ದೋಷಿ' ಎಂದು ವರದಿ ಮಾಡಿದವಳು ಇಂದು ನೀವು ಸನ್ಮಾನಿಸುತ್ತಿರುವ ನನ್ನ ಸೊಸೆ ಪ್ರಾಜಕ್ತಾ.

ನಾನು ಬಹಳ ವರ್ಷ ಪತ್ರಿಕೆಗೆ ಸುದ್ದಿ ಕಳಿಸಿದವನು. ಎರಡು ಕಡೆ ವಿಚಾರಿಸದೆ ಒಂದು ಸಾಲು ಬರೆದವನಲ್ಲ. ಅಂಥವನ ಮನೆಯಲ್ಲೇ ಹೀಗಾಗಬಹುದೇ?

ಆರು ವರ್ಷದ ಹಿಂದೆ ಮಗ ದುಂಡೇಶ ಇಚಲಕರಂಜಿಯ ಈ ಮರಾಠಿ ಹುಡುಗಿಯನ್ನು ತಾನೇ ಮೆಚ್ಚಿ ಮದುವೆಯಾದ. ನನ್ನ ಹೆಂಡತಿ ಕೆಂಚವ್ವ ಸೊಸೆಯೊಡನೆ ಮಾತೇ ಆಡಲಿಲ್ಲ. ಒಂದು ಸಂಜೆ ಟಿ.ವಿ.ಯಲ್ಲಿ ದಿವಾನರ ಹೆಣ ಬಾವಿಯಲ್ಲಿ ತೇಲಿತು. ಮರಾಠಿ ಬಾರದ ಕೆಂಚವ್ವ ತಡೆಯಲಾರದೆ, "ಏನಂತಾರ ಬೇ ಅವರು?" ಎಂದಳು. ಅಜ್ಜಿಯಿಂದ ಕಲಿತಿದ್ದ ಕನ್ನಡದಲ್ಲಿ ಪ್ರಾಜಕ್ತಾ ಹೇಳಿದಳು. ಮರುದಿನವೂ ಹೇಳಿದಳು. ಆಮೇಲೆ ಓಣಿಯ ಹೆಂಗಸರೆಲ್ಲ ಕೇಳಲು ನಮ್ಮ ಪಡಸಾಲೆಗೇ ಬಂದರು. ನನಗೆ ವಾರ್ತೆ ನೋಡುವುದು ತಪ್ಪಿತು. ದೂರು ಹೇಳುತ್ತಿಲ್ಲ.

ಕೆಂಚವ್ವನ ಸಂಶಯ ಮೊದಲಿನಿಂದಲೂ ವಾಡೆಯ ಸೊಸೆಯ ಮೇಲೆ. "ಆಯಿಸಾಹೇಬ ದೇವರಂಥಾಕಿ. ಅಕಿ ಸುದ್ದಿಗೆ ಹೋಗಬ್ಯಾಡ್ರಿ" ಎನ್ನುತ್ತಿದ್ದಳು.

ಕೊನೆಯ ಕಂತಿನಲ್ಲಿ ಪೊಲೀಸರು ಆ ದೇವರಂಥಾಕೆಗೇ ಬೇಡಿ ಹಾಕಿದರು! ಬಾವಿಕಟ್ಟೆಯ ಮೇಲೆ ಸಿಕ್ಕ ಚಪ್ಪಲಿ ಯಾರದು? ಹಿತ್ತಲಿಗೆ ಬಂದಿದ್ದ ಜೀಪು ಯಾರದು? ಒಂದಕ್ಕೂ ಉತ್ತರವಿಲ್ಲ. ಆರು ವರ್ಷ ಕಾದವರಿಗೆ ಇಷ್ಟೇ ಏನು?

"ಅಕಿಗ್ಯಾಕ ಬೇಡಿ ಹಾಕ್ಯಾರ?" ಎಂದಳು ಕೆಂಚವ್ವ. ಪಡಸಾಲೆಯೆಲ್ಲ ಪ್ರಾಜಕ್ತಾಳನ್ನು ನೋಡಿತು. ಅತ್ತೆ ಸೊಸೆಯರ ನಡುವೆ ಮಾತಿಗಿದ್ದ ದಾರಿ ಅದೊಂದೇ. ಅದು ಹೀಗೆ ಮುಗಿದರೆ ನಾಳೆಯಿಂದ ಏನು?

"ತಪ್ಪ ತಮ್ಮ ಮ್ಯಾಲ ಹಾಕ್ಕೊಂಡಾರ್ರಿ ಅತ್ತಿ, ಸೊಸಿನ್ನ ಉಳಸಾಕ" ಎಂದಳು ಪ್ರಾಜಕ್ತಾ.

ಕೆಂಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನ ಹಿಟ್ಟಿನ ಗಿರಣಿಯಲ್ಲಿ, ಮರಾಠಿ ಬಲ್ಲ, ನಿಪ್ಪಾಣಿ ತವರಿನ ಶೇವಂತಾ ನಕ್ಕಳು: "ಆ ಮುದಿಕೀನ ದಿವಾನರ್ನ ಕೊಂದಾಳ ಬೇ. ನಿನ್ನ ಸೊಸಿ ನಿನಗ ಸುಳ್ಳ ಹೇಳ್ಯಾಳ." ಡಬ್ಬಿ ಹಿಡಿದು ನಿಂತಿದ್ದ ಪ್ರಾಜಕ್ತಾ ತಲೆ ಎತ್ತಲಿಲ್ಲ. ಆಗ ಕೆಂಚವ್ವ, ನಿನಗೇನು ತಿಳಿಯುತ್ತದೆ ಎಂಬುದನ್ನು, "ತುಲಾ ಕಾಯ್ ಕಳ್ತಂಯ್ ಗ?" ಎಂದು ಶುರು ಮಾಡಿದವಳು, ನಮ್ಮ ಜೋಳ ಬೀಸಿ ಮುಗಿಯುವವರೆಗೆ ಮರಾಠಿಯಲ್ಲೇ ಜಗಳಾಡಿದಳು. ಗಿರಣಿಯ ಭರಮು ಇದನ್ನು ಖಚಿತಪಡಿಸಿದ್ದಾನೆ. ಮುಂದಿನದನ್ನು, ಅವರಿಬ್ಬರೂ ಮನೆಗೆ ಮರಳುವಾಗ ಹಿಂದೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ನಾನೇ ಕೇಳಿದ್ದೇನೆ.

"ಅತ್ತಿ, ನಿಮಗ ಮರಾಠಿ ಬರತೈತಿ?"

"ಆರ ವರ್ಷ ಕಿವಿ ಮ್ಯಾಲ ಬಿದ್ದೈತಿ. ಬರದೇನ?"

"ಮತ್ತ ನನ್ನ ಯಾಕ ಕೇಳ್ತಿದ್ರಿ?"

"ನೀ ಹೇಳೂದ ಚಲೋ ಇರತೈತಿ. ಟಿ.ವಿ.ಯವರು ಕತಿ ಕೆಡಿಸಿ ಇಟ್ಟಿದ್ರು, ನೀ ನೆಟ್ಟಗ ಮಾಡಿದಿ. ಡಬ್ಬಿ ಈಕಡೆ ಕೊಡ, ಭಾರ ಐತಿ."

ಸಭಿಕರೇ, ಸೊಸೆಗೆ ಶಾಲು ಹೊದಿಸಿದ ಸಂಘಕ್ಕೂ, ಇಷ್ಟು ಹೊತ್ತು ಸಹಿಸಿಕೊಂಡ ನಿಮಗೂ ನನ್ನ ಕೃತಜ್ಞತೆ, ನಮಸ್ಕಾರ. ಹೊಸ ಧಾರಾವಾಹಿ ಸೋಮವಾರ ಸಂಜೆ ಏಳಕ್ಕೆ. ಕೆಂಚವ್ವ ಕೇಳುತ್ತಾಳೆ, ಪ್ರಾಜಕ್ತಾ ಹೇಳುತ್ತಾಳೆ.