ಹುರುಪಿಗಾಗಿ ಕಾದ ಅಂಬಿಗ

ಹ್ಞೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ. ಹೆಸರು ಮರೆತುಹೋದ ಯಾವುದೋ ಒಂದು ಸೀಮೆ. ಅಲ್ಲೊಂದು ಹೊಳೆ. ಹೊಳೆ ದಾಟಿಸೋಕೆ ಒಬ್ಬ ಅಂಬಿಗ, ಕರಿಬೀರ ಅಂತ. ಮೀಸೆ ಇಷ್ಟುದ್ದ, ಮಾತು ಅಷ್ಟುದ್ದ. ಕೆಲಸ? ಅದೊಂದು ಕೇಳಬೇಡಿ!

ಅವನ ದೋಣಿಯ ತಳ ಬಿರಿದಿತ್ತು. ನೀರು ಜಿನುಗುತ್ತಿತ್ತು. ಹೆಂಡತಿ ಮಾಳಮ್ಮ ದಿನಾ ಹೇಳೋಳು, "ಬಿರುಕಿಗೆ ನಾರು ತುರುಕಿ ರಾಳ ಬಳಿಯಯ್ಯ. ಒಂದು ಹೊತ್ತಿನ ಕೆಲಸ."

"ಸುಮ್ಮನಿರೇ. ಹುರುಪಿಲ್ಲದೆ ಮುಟ್ಟಿದ ಕೆಲಸ ಕೆಡುತ್ತೆ. ಸೋಮವಾರ ಗುಡ್ಡದ ಅಯ್ಯನೋರ ಹತ್ರ ಹೋಗಿ ತುಂಬಿಸ್ಕೊಂಡು ಬರ್ತೀನಿ."

ಗುಡ್ಡದ ಮೇಲಿನ ಆ ಅಯ್ಯನೋರಿಗೆ ವಾರವಾರ ಜನಕ್ಕೆ ಹುರುಪು ಹಂಚೋದೇ ಕಸುಬು. ಬೀರ ಹೋದ. "ವಾರ ಅಂದ್ರೆ ಹೊಸ ಜನ್ಮ ಕಣಪ್ಪಾ!" ಅಂದರು. ಬೀರನ ಮೈ ಜುಮ್ಮೆಂದಿತು. ಸೋಮವಾರ ಉಳಿ ಮಸೆದ. ಮಂಗಳವಾರ ಉಳಿಯ ಹೊಳಪು ನೋಡಿ ಹಿಗ್ಗಿದ. ಬುಧವಾರ ಮಲಗಿದ.

ಮುಂದಿನ ವಾರ ಮತ್ತೆ ಹೋದ. "ವಾರ ಅಂದ್ರೆ ಕುದುರೆ, ಲಗಾಮು ಹಿಡಿ!" ಅಂದರು. ಊರೆಲ್ಲ ಸುತ್ತಿ ಲಗಾಮಿನ ಮಾತಾಡಿದ. ಗಂಟಲು ಕಟ್ಟಿತು. ಮಲಗಿದ.

ಅದರ ಮುಂದಿನ ವಾರವೂ ಹೋದ. ಅಯ್ಯನೋರು ಈ ಸಲ ಬರೀ ನಕ್ಕರು. "ಆಹಾ, ಎಂಥಾ ನಗು!" ಅಂತ ಕಣ್ಣೀರು ಹಾಕಿದ. ಮಲಗಿದ. ದೋಣಿಯ ಬಿರುಕು ಮಾತ್ರ ಯಾರ ಹುರುಪಿಗೂ ಕಾಯದೆ ಅಗಲವಾಗುತ್ತಲೇ ಇತ್ತು.

ಕೇಳಿ. ಒಂದು ಶನಿವಾರ ಬೆಳಗ್ಗೆ ಆಚೆ ದಡದಿಂದ ಕೂಗು ಬಂತು. ಮಾಳಮ್ಮನ ತಂಗಿಗೆ ಚೊಚ್ಚಲ ಹೆರಿಗೆ, ಮಗು ಅಡ್ಡ ತಿರುಗಿದೆ. ಸೂಲಗಿತ್ತಿ ಪುಟ್ಟಜ್ಜಿ ಇರೋದು ಈಚೆ ದಡದಲ್ಲಿ!

"ಏಳಯ್ಯ, ದೋಣಿ ಬಿಡು!"

ಬೀರ ಆಕಳಿಸಿದ. "ಇವತ್ತು ಶನಿವಾರ ಕಣೇ. ಈ ವಾರ ಮುಗೀತು. ಸೋಮವಾರ ಬರಲಿ, ಹೊಸ ಹುರುಪಲ್ಲಿ..."

ಮಾಳಮ್ಮ ಥೂ ಅಂದಳು. ಅಜ್ಜಿಯನ್ನು ಕೂರಿಸಿಕೊಂಡು ತಾನೇ ಹುಟ್ಟು ಹಿಡಿದಳು. ನಡುಹೊಳೆಯಲ್ಲಿ ನೀರು ಒಳಗೆ ನುಗ್ಗಿತು. "ಅಜ್ಜೀ, ಮೊಗೆದು ಚೆಲ್ಲು!" ಸೆರಗು ಹರಿದು ಬಿರುಕಿಗೆ ತುರುಕಿದಳು. ಅಳುತ್ತಲೇ ಹುಟ್ಟು ಹಾಕಿದಳು. ದಡ ಮುಟ್ಟಿದಳು. ಮಧ್ಯಾಹ್ನಕ್ಕೆ ತಂಗಿ ಉಳಿದಳು, ಕೂಸೂ ಅತ್ತಿತು.

ಮಾರನೆ ದಿನ ಅಲ್ಲೇ ಕೂತು ನಾರು ತುರುಕಿ ರಾಳ ಬಳಿದಳು. ಎಷ್ಟು ಹೊತ್ತಾಯಿತು? ಕೂಸು ಒಂದು ನಿದ್ದೆ ಮಾಡಿ ಏಳುವಷ್ಟು!

ವಾಪಸು ಬಂದರೆ ಬೀರ ಊರವರ ಮುಂದೆ ಉಬ್ಬಿ ನಿಂತಿದ್ದ. "ನೋಡಿದ್ರಾ! ನಾನು ತಂದ ಹುರುಪು ಇವಳಿಗೂ ತಗುಲಿದೆ!"

"ಹುರುಪಲ್ಲ ಕಣಯ್ಯ, ಹೆದರಿಕೆ" ಅಂದಳು ಮಾಳಮ್ಮ. "ಕೈ ಗಡಗಡ ನಡುಗ್ತಿತ್ತು. ಆ ಕೈಲೇ ಹುಟ್ಟು ಹಾಕ್ದೆ."

ಆಮೇಲೆ ಅವಳು ಅವನ ಕೈಗೆ ಹುಟ್ಟು ಕೊಡಲಿಲ್ಲ. ಬೀರ ಏನು ಮಾಡಿಯಾನು? ಗುಡ್ಡ ಹತ್ತಿ ಅಯ್ಯನೋರ ಶಿಷ್ಯನಾದ. ಈಗ ಅಲ್ಲಿ ಕೂತು ಅವನೇ ಕಿರುಚುತ್ತಾನೆ, "ಏಳಿ, ವಾರವನ್ನ ಗೆಲ್ಲಿ!" ಆಚೆ ದಡದಿಂದಲೂ ಜನ ಬಾಯಿ ಬಿಟ್ಟುಕೊಂಡು ಬರುತ್ತಾರೆ. ದಾಟಿಸುವವಳು ಮಾಳಮ್ಮ. ಬರುವಾಗ ಒಂದು ಬೊಗಸೆ ರಾಗಿ ಕೇಳುತ್ತಾಳೆ, ಎದೆ ಉಬ್ಬಿಸಿಕೊಂಡು ಹಿಂದಿರುಗುವಾಗ ಎರಡು.

"ಯಾಕವ್ವಾ ಎರಡು?"

"ಹುರುಪು ತುಂಬ್ಕೊಂಡಿದ್ದೀರಲ್ಲಪ್ಪಾ, ದೋಣಿಗೆ ಭಾರ!"

ಕಥೆ ದಡ ಸೇರಿತು, ನೀವು ಮನೆ ಸೇರಿ.