ಬಲಗಡೆ ಬಿಡದವರು

ಹೆದ್ದಾರಿಯುದ್ದಕ್ಕೂ ಬಲಗಡೆಯ ಲೇನ್ ಹಿಡಿದು ಆಮೆಯಂತೆ ತೆವಳಿದ ಕಾರಿನ ಯಜಮಾನರು ದಾರಿಬದಿಯ ಹೋಟೆಲಿನ ಕಾಫಿ ಸಾಲಿನಲ್ಲಿ ಸಿಕ್ಕಿದರು. ಮುಖಕ್ಕೆ ಹೊಡೆದಂತೆ ಎರಡು ಮಾತು ಹೇಳಬೇಕೆಂದೇ, ದಾರಿಯುದ್ದಕ್ಕೂ ಆ ಕಾರಿನ ಹಿಂದೆ ಸಿಕ್ಕಿಬಿದ್ದಿದ್ದ ಲಾರಿ ಡ್ರೈವರ್ ಅವರ ಹಿಂದೆ ನಿಂತ. ಅಷ್ಟರಲ್ಲಿ ಅವರೇ ಹೆಂಡತಿಯೆದುರು ಶುರುಮಾಡಿದರು.

"ಎಲ್ಲ ಎಡಗಡೆಯಿಂದ ನುಗ್ತಾರೆ. ರಸ್ತೆ ಇವರಪ್ಪಂದಾ?"

"ನೀವು ಬಲಗಡೆ ಬಿಟ್ಟಿದ್ರೆ ಯಾಕೆ ನುಗ್ತಿದ್ರು?"

"ದಾರಿ ಬಿಟ್ರೆ ತಲೆ ಮೇಲೆ ಕೂರ್ತಾರೆ ಕಣೇ."

"ಮಗಳ ಮದುವೆ ಮಾತು ಬಂದಾಗ್ಲೂ ಇದನ್ನೇ ಅಂದ್ರಿ."

"ಅದು ಬೇರೆ, ಇದು ಬೇರೆ."

"ವರ್ಷಗಟ್ಟಲೆ ಹಿಂದೆ ನಿಂತು ಕೇಳ್ಕೊಂಡ್ಲು. ನೀವು ಜಗ್ಗಲಿಲ್ಲ. ಕೊನೆಗೆ ನಮಗೆ ಹೇಳ್ದೆ ಮದುವೆಯಾದ್ಲು. ಅವಳೂ ಎಡಗಡೆಯಿಂದಾನೇ ಹೋಗಿದ್ದು."

ಆಕೆ ತಮ್ಮ ಕಾಫಿ ಎತ್ತಿಕೊಂಡು ಹೊರಗಿನ ಬೆಂಚಿಗೆ ನಡೆದರು. ಗಂಡ ಕೌಂಟರಿಗೆ ಅಡ್ಡವಾಗಿ ಹಾಗೇ ನಿಂತಿದ್ದರು. ಡ್ರೈವರ್ ಬೈಗುಳ ನುಂಗಿಕೊಂಡು, ಅವರನ್ನು ಬಳಸಿ, ಎಡಗಡೆಯಿಂದಲೇ ಕೈ ಚಾಚಿ ಕಾಫಿ ತೆಗೆದುಕೊಂಡ.